ಕ್ರಿಸ್ಮಸ್ಸಿಗೆ ಎಷ್ಟು ಮುಂಚೆ?



ದೀಪಾವಳಿ ಹತ್ತಿರ ಬಂತು. ಮಂಗಳೂರಿನ ಪೇಟೆಯಲ್ಲಿ ಗೂಡುದೀಪಗಳು ತೂಗುತ್ತಿವೆ. ಅದೇ ಅಂಗಡಿಯ ಒಳಗೆ ಹೋಗಿ ನೋಡಿ. ಮೂಲೆಯಲ್ಲಿ ಇನ್ನೊಂದು ಕಟ್ಟು ಒರಗಿಸಿಟ್ಟಿರುತ್ತಾರೆ. ಅವು ಕ್ರಿಸ್ಮಸ್ಸಿನ ನಕ್ಷತ್ರಗಳು. ಗೂಡುದೀಪ ಇಳಿದದ್ದೇ ತಡ, ಅದೇ ಕೊಕ್ಕೆಗೆ ನಕ್ಷತ್ರ ಏರುತ್ತದೆ. ಅಂಗಡಿಯವರನ್ನು ದೂರುವ ಹಾಗಿಲ್ಲ. ಅವರದು ವ್ಯಾಪಾರ. ಆದರೆ ಆ ಕಟ್ಟನ್ನು ಕಂಡು ಮನೆಗೆ ಬಂದವರಿಗೆ ಒಂದು ಗಡಿಬಿಡಿ ಹತ್ತಿಕೊಳ್ಳುತ್ತದೆ. ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ. ಈಗಲೇ ಶುರು ಮಾಡಬೇಕೆ? ಅಥವಾ ಡಿಸೆಂಬರ್ ಬರಲಿ, ಆಮೇಲೆ ನೋಡೋಣ ಎಂದು ಕೂರಬಹುದೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರೇಡಿಯೋದಲ್ಲಿ ಗುಟ್ಟು ಮಾಡಿದರೆ ಕೇಳುಗರು ಬೇರೆ ಸ್ಟೇಷನ್ನಿಗೆ ತಿರುಗಿಸಿಬಿಡುತ್ತಾರೆ.

ಕ್ರಿಸ್ಮಸ್ಸಿನ ಕೆಲಸದಲ್ಲಿ ಎರಡು ಬಗೆ. ಕೆಲವನ್ನು ಕಾಲವೇ ಮಾಡುತ್ತದೆ. ನಾವು ಇಟ್ಟು ಸುಮ್ಮನಿದ್ದರೆ ಆಯಿತು. ಇನ್ನು ಕೆಲವನ್ನು ಕೈ ಮಾಡಬೇಕು. ಕಾಲ ಮಾಡುವ ಕೆಲಸವನ್ನು ಈಗಲೇ ಶುರು ಮಾಡಿ. ಕೈ ಮಾಡುವ ಕೆಲಸಕ್ಕೆ ಆತುರ ಬೇಡ, ಅದು ಬೇಗ ಮಾಡಿದಷ್ಟೂ ಬೇಗ ಕೆಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನವೆಂಬರಿನಲ್ಲೇ ಚಕ್ಕುಲಿ ಕರಿದು ಡಬ್ಬಿ ತುಂಬಿಸುತ್ತಾರೆ. ಡಿಸೆಂಬರ್ ಇಪ್ಪತ್ತಕ್ಕೆ ಒಣದ್ರಾಕ್ಷಿ ಹುಡುಕಿಕೊಂಡು ಹೋಗುತ್ತಾರೆ.

ಮೊದಲು ಇಗರ್ಜಿಯ ಲೆಕ್ಕ ಏನು ಎಂದು ನೋಡೋಣ. ಕ್ರಿಸ್ಮಸ್ಸಿಗೆ ಸಿದ್ಧವಾಗುವ ಕಾಲಕ್ಕೆ ಆಗಮನ ಕಾಲ ಎನ್ನುತ್ತಾರೆ. ಹಬ್ಬದ ಹಿಂದಿನ ನಾಲ್ಕು ಭಾನುವಾರಗಳು ಇದರಲ್ಲಿ ಬರುತ್ತವೆ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವ ಭಾನುವಾರ ಬೀಳುತ್ತದೋ ಅಂದು ಶುರು. ಹಾಗಾಗಿ ಇದರ ಉದ್ದ ಎಲ್ಲ ವರ್ಷ ಒಂದೇ ಅಲ್ಲ. 2022ರಲ್ಲಿ ಕ್ರಿಸ್ಮಸ್ ಭಾನುವಾರವೇ ಬಂತು. ಪೂರಾ 28 ದಿನ ಸಿಕ್ಕಿತು. ಮರುವರ್ಷ ಸೋಮವಾರ ಬಂತು. 22 ದಿನಕ್ಕೇ ಮುಗಿಯಿತು. ಆ ವರ್ಷ ನಾಲ್ಕನೇ ಭಾನುವಾರದ ಪೂಜೆಗೆ ಬೆಳಿಗ್ಗೆ ಹೋದವರು, ಅದೇ ರಾತ್ರಿ ಹಬ್ಬದ ಪೂಜೆಗೆ ಮತ್ತೆ ಹೊರಟರು.

ಹಿಂದೆ ಈ ಕಾಲ ಇನ್ನೂ ಉದ್ದವಿತ್ತು. ಫ್ರಾನ್ಸಿನ ತೂರ್ ಎಂಬ ಊರಿನಲ್ಲಿ, 5ನೇ ಶತಮಾನದ ಒಬ್ಬ ಬಿಷಪರು ಒಂದು ನಿಯಮ ಮಾಡಿದರು. ನವೆಂಬರ್ 11 ಸಂತ ಮಾರ್ಟಿನರ ಹಬ್ಬ. ಅಂದಿನಿಂದ ಕ್ರಿಸ್ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ಸುಮಾರು ನಲವತ್ತು ದಿನದ ವ್ರತ ಇದೆ. ಅಷ್ಟು ದೂರ ಹೋಗುವುದೇ ಬೇಡ. ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನದ ನೋಂಬು ಹಿಡಿಯುತ್ತಾರೆ. ಮೀನಿಲ್ಲ, ಮಾಂಸವಿಲ್ಲ. ಅಲ್ಲಿಂದ ಬೆಳ್ತಂಗಡಿ ಕಡೆಗೆ ಬಂದು ತೋಟ ಮಾಡಿಕೊಂಡ ಕುಟುಂಬಗಳೂ ಅದನ್ನು ಬಿಟ್ಟಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಇವರೆಲ್ಲ ತಯಾರಿಯನ್ನು ಬೇಗ ಶುರು ಮಾಡಿದರು, ನಿಜ. ಆದರೆ ಏನನ್ನು ತಯಾರು ಮಾಡಿದರು? ತಿಂಡಿಯನ್ನಲ್ಲ, ಹಸಿವನ್ನು. ನಲವತ್ತು ದಿನ ಒಣಗಿದ ನಾಲಗೆಗೆ ಹಬ್ಬದ ದಿನ ಒಂದು ತುಂಡು ಮಾಂಸ ಬಿದ್ದಾಗ ಆಗುವ ಸಂತೋಷವೇ ಬೇರೆ. ಈಗ ನವೆಂಬರಿನಿಂದಲೇ ಬೇಕರಿಯ ಪ್ಲಮ್ ಕೇಕ್ ತಿನ್ನುತ್ತ ಬಂದವರಿಗೆ 25ರ ಬೆಳಿಗ್ಗೆ ಕೇಕ್ ಕಂಡರೆ ಸಾಕಪ್ಪಾ ಎನಿಸುತ್ತದೆ.

ಕಾಯುವುದು ದೊಡ್ಡವರಿಗೇ ಕಷ್ಟ. ಮಕ್ಕಳಿಗೆ ಕೇಳಬೇಕೆ? ಇದಕ್ಕೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಬ್ಬ ಪಾದ್ರಿ ಒಂದು ಉಪಾಯ ಮಾಡಿದರು. ಹೆಸರು ಯೋಹಾನ್ ಹಿನ್ರಿಕ್ ವಿಖೆರ್ನ್. ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೆಯ ಗಾಡಿಯ ಚಕ್ರ ತಂದರು. ಅದರ ಸುತ್ತ ಮೇಣದ ಬತ್ತಿ ನಿಲ್ಲಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುವುದು. ಮಕ್ಕಳು ಕೇಳುವುದು ನಿಂತು, ಎಣಿಸುವುದು ಶುರುವಾಯಿತು. ಇಂದು ನಮ್ಮ ಇಗರ್ಜಿಗಳಲ್ಲಿ ನಾಲ್ಕು ಬತ್ತಿಯ ಹಸಿರು ಬಳೆ ಇಡುತ್ತಾರಲ್ಲ, ಅದರ ಮೂಲ ಈ ಗಾಡಿಚಕ್ರ.

ಇಷ್ಟರವರೆಗೆ ಹೇಳಿದ್ದು ಇಗರ್ಜಿಯ ಲೆಕ್ಕ. ಅದು ಸುಮಾರು ನಾಲ್ಕು ವಾರ. ಇನ್ನು ಅಡುಗೆಮನೆಯ ಲೆಕ್ಕಕ್ಕೆ ಬರೋಣ. ಅಲ್ಲಿ ನಾಲ್ಕು ವಾರ ಸಾಲದು, ಕಡೇಪಕ್ಷ ಒಂದು ಭರಣಿಗೆ ಸಾಲದು.

ಆ ಭರಣಿ ಕೇಕಿನ ಹಣ್ಣಿನದು. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಅಂಜೂರ, ಸಕ್ಕರೆಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ. ಜೊತೆಗೆ ಹಸಿ ಪಪ್ಪಾಯಿಯಿಂದ ಮಾಡುವ ಆ ಕೆಂಪು ಹಸಿರು ಟೂಟಿ ಫ್ರೂಟಿ. ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಒಂದು ಚೂರೂ ನೀರಿಲ್ಲದ ಗಾಜಿನ ಭರಣಿಗೆ ಹಾಕುವುದು. ಮೇಲಿನಿಂದ ರಮ್ ಸುರಿಯುವುದು. ಆಕಾಶವಾಣಿಯಲ್ಲಿ ನಿಂತು ರಮ್ಮಿನ ಮಾತಾಡುತ್ತಾರೆ ಎನ್ನಬೇಡಿ. ನಾನು ನಿಮಗೆ ಕುಡಿಯಲು ಹೇಳುತ್ತಿಲ್ಲ, ದ್ರಾಕ್ಷಿಗೆ ಕುಡಿಸಲು ಹೇಳುತ್ತಿದ್ದೇನೆ.

ದ್ರಾಕ್ಷಿ ಚೆನ್ನಾಗಿಯೇ ಕುಡಿಯುತ್ತದೆ. ಮೊದಲ ದಿನ ಹಣ್ಣಿನ ಮೇಲೆ ಒಂದು ಬೆರಳು ರಮ್ ನಿಂತಿರುತ್ತದೆ. ಒಂದು ವಾರ ಬಿಟ್ಟು ಮುಚ್ಚಳ ತೆಗೆದರೆ ಅದು ಕಾಣುವುದಿಲ್ಲ. ಸುಕ್ಕಾಗಿದ್ದ ದ್ರಾಕ್ಷಿ ಉಬ್ಬಿ ನುಣುಪಾಗಿರುತ್ತದೆ. ಭರಣಿಯನ್ನು ಓರೆ ಮಾಡಿದರೆ ತಳದಲ್ಲಿ ಕಂದು ಬಣ್ಣದ ಮಂದ ಪಾಕ ನಿಧಾನಕ್ಕೆ ಸರಿಯುತ್ತದೆ. ಹಣ್ಣಿನ ಸಕ್ಕರೆ ಹೊರಗೆ ಬಂದಿದೆ, ರಮ್ ಒಳಗೆ ಹೋಗಿದೆ. ಇನ್ನಷ್ಟು ಸುರಿದು, ಕದಡಿ, ಮತ್ತೆ ಮುಚ್ಚಿಡುವುದು. ನಮ್ಮ ದೇಶದ ರಮ್ಮಿನಲ್ಲಿ ಮದ್ಯಸಾರ ಶೇಕಡಾ 40ಕ್ಕಿಂತ ತುಸು ಹೆಚ್ಚು. ಅಷ್ಟಿದ್ದರೆ ಬೂಷ್ಟು ಹಿಡಿಯುವುದಿಲ್ಲ. ಎರಡು ತಿಂಗಳು ಇಟ್ಟರೂ ಹಣ್ಣು ಕೆಡುವುದಿಲ್ಲ, ಪರಿಮಳ ಕೂಡುತ್ತ ಹೋಗುತ್ತದೆ. ಇದೇ ನಾನು ಹೇಳಿದ ಕಾಲ ಮಾಡುವ ಕೆಲಸ. ನಿಮ್ಮ ಪಾಲಿನದು ಒಂದು ಸಂಜೆ ಕುಳಿತು ಹೆಚ್ಚುವುದಷ್ಟೆ. ಉಳಿದದ್ದು ಕಪಾಟಿನ ಕತ್ತಲೆಯಲ್ಲಿ ತಾನಾಗಿ ಆಗುತ್ತದೆ. ಹಾಗಾಗಿ ಅಕ್ಟೋಬರ್ ಕೊನೆ ಎಂದರೆ ಬೇಗವೇನಲ್ಲ, ಸರಿಯಾದ ಹೊತ್ತು.

ಮದ್ಯ ಬಳಸದ ಮನೆಗಳೂ ಬೇಕಾದಷ್ಟಿವೆ. ಅವರು ಕಿತ್ತಳೆ ರಸದಲ್ಲಿ ನೆನೆಹಾಕುತ್ತಾರೆ. ಆದರೆ ಅವರು ಈ ಲೆಕ್ಕ ಹಿಡಿಯಬಾರದು. ರಸದಲ್ಲಿಟ್ಟ ಹಣ್ಣು ಹೊರಗಿದ್ದರೆ ಹುಳಿದುಬಿಡುತ್ತದೆ. ಫ್ರಿಜ್ಜಿನಲ್ಲಿ ಒಂದೆರಡು ದಿನ ಸಾಕು.

ಕೇಕ್ ಬೇಯಿಸುವುದು ಯಾವಾಗ? ಇಂಗ್ಲೆಂಡಿನಲ್ಲಿ ಆಗಮನ ಕಾಲಕ್ಕೆ ಹಿಂದಿನ ಭಾನುವಾರವೇ ಕ್ರಿಸ್ಮಸ್ ಪುಡ್ಡಿಂಗ್ ಕದಡುವ ರೂಢಿ ಇದೆ. ಅಂದರೆ ಹಬ್ಬಕ್ಕೆ ಸುಮಾರು ಐದು ವಾರ ಮುಂಚೆ. ಮನೆಯವರೆಲ್ಲ ಸರದಿಯಂತೆ ಒಂದೊಂದು ಸುತ್ತು ಸೌಟು ತಿರುಗಿಸುತ್ತಾರೆ. ಅಲ್ಲಿಯ ಚಳಿಗೆ ಅದು ಹಿಡಿಸುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಐದು ವಾರ ಕೇಕ್ ಇಟ್ಟರೆ ಬೂಷ್ಟಿಗೆ ಹಬ್ಬ. ಡಿಸೆಂಬರ್ ಎರಡನೇ ವಾರ ಬೇಯಿಸಿ, ಪೂರಾ ಆರಿದ ಮೇಲೆ ಬೆಣ್ಣೆಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ನಾಲ್ಕು ದಿನಕ್ಕೊಮ್ಮೆ ಒಂದು ಚಮಚ ರಮ್ ಹನಿಸಿ. ಕತ್ತರಿಸುವಾಗ ಪುಡಿಯಾಗುವುದಿಲ್ಲ.

ಹಣ್ಣು ಈಗಲೇ, ಕೇಕ್ ಡಿಸೆಂಬರ್ ಎರಡನೇ ವಾರ. ಇಷ್ಟಾಯಿತು. ಇನ್ನು ಕುಸ್ವಾರ್.

ಕುಸ್ವಾರ್ ಎಂದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳ ಸಮೂಹ. ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ರೋಸ್ ಕುಕ್ಕೀಸ್, ಚಕ್ಕುಲಿ, ಲಾಡು. ಮನೆಯಿಂದ ಮನೆಗೆ ಪಟ್ಟಿ ಬೇರೆ. ತಟ್ಟೆಯಲ್ಲಿ ಇವನ್ನೆಲ್ಲ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕಳಿಸುವುದು ಪದ್ಧತಿ. ಚೌತಿಗೆ, ದೀಪಾವಳಿಗೆ, ಈದಿಗೆ ಆ ಮನೆಗಳಿಂದ ತಟ್ಟೆ ಬಂದಿರುತ್ತದೆ. ಡಿಸೆಂಬರಿನಲ್ಲಿ ನಮ್ಮ ಸರದಿ. ಹಾಗಾಗಿ ಕುಸ್ವಾರಿನ ಅಳತೆ ಮನೆಮಂದಿಯ ತಲೆ ಎಣಿಸಿ ಅಲ್ಲ, ಬೀದಿಯ ಬಾಗಿಲು ಎಣಿಸಿ.

ಕಿಡಿಯೊ ಮಾಡುವುದನ್ನು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮೈದಾಹಿಟ್ಟಿಗೆ ತೆಂಗಿನ ಹಾಲು, ಚಿಟಿಕೆ ಉಪ್ಪು. ಕೆಲವರು ಮೊಟ್ಟೆಯನ್ನೂ ಒಡೆದು ಹಾಕುತ್ತಾರೆ. ಮೆದುವಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಡಬೇಕು. ಆಮೇಲೆ ಗೋಲಿಯಷ್ಟು ಗಾತ್ರದ ಉಂಡೆ ಮಾಡಿಕೊಳ್ಳುವುದು. ಒಂದು ಮುಳ್ಳುಚಮಚದ ಬೆನ್ನು ಬೇಕು. ಇಲ್ಲವಾದರೆ ಅದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆ. ಉಂಡೆಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಹಾಗೆಯೇ ಸುರುಳಿ ಸುತ್ತಬೇಕು. ಹೊರಮೈಗೆ ಗೀರು ಗೀರು ಮೂಡುತ್ತದೆ. ಒಳಗೆ ಪೊಳ್ಳು. ಕರಿದ ಮೇಲೆ ಸಕ್ಕರೆಪಾಕದಲ್ಲಿ ಹೊರಳಿಸಿದರೆ ಆ ಗೀರುಗಳಲ್ಲಿ ಪಾಕ ನಿಂತು ಬೆಳ್ಳಗೆ ಗಟ್ಟಿಯಾಗುತ್ತದೆ. ಒಂದು ಕಿಲೋ ಹಿಟ್ಟು ಎಂದರೆ ನೂರಾರು ಉಂಡೆ. ಒಬ್ಬರೇ ಕೂತರೆ ಸೊಂಟ ಬಿದ್ದುಹೋಗುತ್ತದೆ. ಚಾಪೆ ಹಾಸಿ ಮಕ್ಕಳನ್ನು, ಗಂಡಸರನ್ನು, ಪಕ್ಕದ ಮನೆಯವರನ್ನು ಕೂರಿಸಿಕೊಂಡರೆ ಮಾತಿನಲ್ಲೇ ಮುಗಿಯುತ್ತದೆ. ಮಕ್ಕಳು ಸುತ್ತಿದ್ದು ವಕ್ರವಾಗಿರುತ್ತದೆ. ಇರಲಿ, ಎಣ್ಣೆಗೆ ಬಿದ್ದರೆ ಎಲ್ಲವೂ ಒಂದೇ ಬಣ್ಣ.

ಗಂಡಸರನ್ನು ಎಂದೆ. ಅದನ್ನು ಬೇಕೆಂದೇ ಹೇಳಿದ್ದು. ಎಷ್ಟು ಮುಂಚೆ ಶುರು ಮಾಡಬೇಕು ಎಂಬ ಪ್ರಶ್ನೆ ಬಹಳ ಮನೆಗಳಲ್ಲಿ ಏಳುವುದೇ ಕೆಲಸವೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲೆ ಇರುವುದರಿಂದ. ನಾಲ್ಕು ಜೊತೆ ಕೈ ಇದ್ದರೆ ಎರಡು ದಿನದ ಕೆಲಸ. ಒಂದೇ ಜೊತೆ ಇದ್ದರೆ ಎರಡು ವಾರ. ಆಗ ಪಾಪ, ಆಕೆ ನವೆಂಬರಿನಲ್ಲೇ ಬಾಣಲೆ ಇಡದೆ ಏನು ಮಾಡಬೇಕು?

ಆದರೆ ನವೆಂಬರಿನಲ್ಲಿ ಕರಿದದ್ದು ಉಳಿಯುವುದಿಲ್ಲ. ಕರಾವಳಿಯಲ್ಲಿ ಆಗ ಹಿಂಗಾರಿನ ಮೋಡ ಇನ್ನೂ ಓಡಾಡುತ್ತಿರುತ್ತದೆ. ಗಾಳಿಯಲ್ಲಿ ತೇವ. ಗರಿಗರಿ ಚಕ್ಕುಲಿ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಎಣ್ಣೆ ಗಾಳಿಗೆ ಸೋಕಿ ಸೋಕಿ ಕಮಟು ವಾಸನೆ ಬರುತ್ತದೆ. ತೆಂಗಿನಕಾಯಿ ಇರುವ ತಿಂಡಿ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಡಿಸೆಂಬರ್ ನಡುವಿಗೆ ಬರುವಾಗ ಗಾಳಿ ಒಣಗಿರುತ್ತದೆ. ಅದಕ್ಕೇ ಕುಸ್ವಾರಿಗೆ ನಾನು ಹೇಳುವ ದಿನ ಡಿಸೆಂಬರ್ 15ರ ನಂತರ. ಮೊದಲು ಸಕ್ಕರೆ ಹೊದಿಸಿದ ಕಿಡಿಯೊ. ಅದು ತಾಳುತ್ತದೆ. ಆಮೇಲೆ ತುಕ್ಡಿ, ಚಕ್ಕುಲಿ. ಕೊಬ್ಬರಿ ಎಳ್ಳಿನ ಹೂರಣದ ನೆವ್ರಿ ಕೊನೆಗೆ, 21, 22ಕ್ಕೆ. ಬಿಸಿ ಇರುವಾಗ ಡಬ್ಬಿ ಮುಚ್ಚಬೇಡಿ. ಮುಚ್ಚಳದ ಒಳಗೆ ಬೆವರು ಕೂತರೆ ಪಟ್ಟ ಪಾಡೆಲ್ಲ ನೀರುಪಾಲು.

ಬೇಗ ಮಾಡಬಹುದಾದದ್ದು ಇದರಲ್ಲೂ ಇದೆ. ಅಕ್ಕಿ ತೊಳೆದು ಒಣಗಿಸಿ ಹಿಟ್ಟು ಮಾಡಿಸುವುದು. ಎಳ್ಳು ಆರಿಸುವುದು. ರೋಸ್ ಕುಕ್ಕೀಸಿನ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ನೆನೆಹಾಕಿ ಪಳಗಿಸುವುದು. ಪಳಗದ ಅಚ್ಚಿಗೆ ಹಿಟ್ಟು ಅಂಟಿ ಕುಳಿತರೆ ಹೂವು ಬಿಡಿಸಿಕೊಳ್ಳುವುದಿಲ್ಲ. ಗೇರುಬೀಜ ಕೊಳ್ಳುವುದಂತೂ ಬೇಸಗೆಯಲ್ಲೇ. ನಮ್ಮ ಜಿಲ್ಲೆಯಲ್ಲಿ ಗೇರು ಬೆಳೆ ಬರುವುದೇ ಆಗ.

ಹಣ್ಣು, ಕೇಕ್, ಕುಸ್ವಾರ್ ಮೂರೂ ಆಯಿತು. ಇನ್ನು ಅಡುಗೆಮನೆಯಿಂದ ಜಗಲಿಗೆ ಬರೋಣ. ಅಲ್ಲಿ ಗೋದಲಿ ಕಟ್ಟಬೇಕು.

ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯಕ್ಕೆ ನಾವು ಗೋದಲಿ ಎನ್ನುತ್ತೇವೆ. ಇದರ ಮೂಲವನ್ನು ಸಂತ ಫ್ರಾನ್ಸಿಸ್ ಅಸಿಸಿಯವರಿಗೆ ಕೊಡುತ್ತಾರೆ. 1223ನೇ ಇಸವಿ, ಇಟಲಿಯ ಗ್ರೆಚೋ ಎಂಬ ಬೆಟ್ಟದೂರು. ಅಲ್ಲಿ ಅವರಿಗೆ ಜಾನ್ ಎಂಬ ಆಪ್ತರೊಬ್ಬರಿದ್ದರು. ಹಬ್ಬಕ್ಕೆ ಸುಮಾರು ಹದಿನೈದು ದಿನ ಇರುವಾಗ ಅವರನ್ನು ಕರೆಸಿದರು. ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟನ್ನು ಸಿದ್ಧಪಡಿಸಲು ಹೇಳಿದರು. ಬಣ್ಣದ ಗೊಂಬೆಯಿಲ್ಲ, ಮಿಣುಕು ದೀಪವಿಲ್ಲ. ಜಗತ್ತಿನ ಎಲ್ಲ ಗೋದಲಿಗಳ ಹಿರಿಯಜ್ಜನಿಗೆ ಹದಿನೈದು ದಿನ ಸಾಕಾಯಿತು. ನಮಗೂ ಸಾಕು.

ಹದಿನೈದು ದಿನ ಬೇಕಾಗುವುದು ಕಟ್ಟುವುದಕ್ಕಲ್ಲ, ಬೆಳೆಯುವುದಕ್ಕೆ. ಗೋದಲಿಯ ಸುತ್ತ ಹಸಿರು ಹುಲ್ಲುಗಾವಲು ಬೇಕಲ್ಲ. ಅದಕ್ಕೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಒಂದು ರಾತ್ರಿ ನೆನೆಸಿ ಬಿತ್ತಿದರೆ ಹತ್ತು ಹನ್ನೆರಡು ದಿನದಲ್ಲಿ ನಾಲ್ಕು ಬೆರಳು ಪೈರು. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಉದ್ದ ಬೆಳೆದು, ಹಳದಿಯಾಗಿ, ಕುರಿಗಳ ಮೇಲೆ ಬಾಗಿ ಬೀಳುತ್ತದೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲೂ ಇಂಥದೇ ರೂಢಿ. ಡಿಸೆಂಬರ್ 4, ಸಂತ ಬಾರ್ಬರಾ ದಿನ. ಅಂದು ಪುಟ್ಟ ತಟ್ಟೆಗಳಲ್ಲಿ ಗೋಧಿ ಮೊಳಕೆಗಿಡುತ್ತಾರೆ. ಅದು ಚಳಿಯ ದೇಶ, ಮೂರು ವಾರ ಬೇಕು. ನಮ್ಮಲ್ಲಿ 13, 14ಕ್ಕೆ ಬಿತ್ತಿದರೆ ಹದ.

ಬಾಲ ಯೇಸುವಿನ ಮೂರ್ತಿಯನ್ನು ಮಾತ್ರ ಈಗಲೇ ಇಡಬೇಡಿ. ಕೊಟ್ಟಿಗೆ, ಕುರಿ, ಕುರುಬ, ಮರಿಯ, ಜೋಸೆಫ್ ಎಲ್ಲರೂ ಇರಲಿ. ತೊಟ್ಟಿ ಖಾಲಿ ಇರಲಿ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಕಿರಿಯ ಮಗುವಿನ ಕೈಯಲ್ಲಿ ಇಡಿಸಿ. ಅಂಗಡಿಗಳಿಗೆ ಹಬ್ಬ 25ಕ್ಕೆ ಮುಗಿಯುತ್ತದೆ, ಇಗರ್ಜಿಗೆ ಅಂದು ಶುರುವಾಗುತ್ತದೆ. ಮೂವರು ರಾಯರ ಹಬ್ಬ ಜನವರಿ 6ಕ್ಕೆ. ನಕ್ಷತ್ರವನ್ನು ಅಕ್ಟೋಬರಿನಲ್ಲೇ ಏರಿಸಿ 26ಕ್ಕೆ ಇಳಿಸುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿಯೇ.

ತಿಂಡಿ ಆಯಿತು, ಗೋದಲಿ ಆಯಿತು. ಉಳಿದದ್ದು ಹೊರಗಿನ ಕೆಲಸ. ಬೇಗ ಹೇಳಿ ಮುಗಿಸುತ್ತೇನೆ.

ಬೆಂಗಳೂರು, ಮುಂಬಯಿಯಿಂದ ಊರಿಗೆ ಬರುವವರೇ, ರೈಲಿನ ಟಿಕೇಟು ಹಬ್ಬಕ್ಕೂ ನಿಮಗೂ ಕಾಯುವುದಿಲ್ಲ. ಮೊದಲು 120 ದಿನ ಮುಂಚೆ ಕಾದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಅಂದರೆ ಡಿಸೆಂಬರ್ 23ರ ರೈಲಿಗೆ ಅಕ್ಟೋಬರ್ 24ಕ್ಕೇ ಕಿಟಕಿ ತೆರೆಯುತ್ತದೆ. ಆ ಬೆಳಿಗ್ಗೆ ತಪ್ಪಿದರೆ ಆಮೇಲೆ ಬಸ್ಸಿನವರು ಹೇಳಿದ್ದೇ ದರ. ದರ್ಜಿಗೆ ಬಟ್ಟೆ ನವೆಂಬರಿನಲ್ಲಿ ಕೊಡಿ. ಡಿಸೆಂಬರ್ ಹತ್ತು ದಾಟಿದರೆ ನಮ್ಮೂರಿನ ದರ್ಜಿಗಳು ತಲೆ ಎತ್ತಿ ಮಾತಾಡುವುದಿಲ್ಲ. ಹಣ? ಅದೂ ರಮ್ಮಿನ ದ್ರಾಕ್ಷಿಯ ಜಾತಿಯದೇ. ಜೂನಿನಿಂದ ತಿಂಗಳಿಗಿಷ್ಟು ಎಂದು ಅಂಚೆ ಕಚೇರಿಯ ಖಾತೆಯಲ್ಲೋ ಸಂಘದಲ್ಲೋ ಇಟ್ಟವರು ಡಿಸೆಂಬರಿನಲ್ಲಿ ಸಾಲಕ್ಕೆ ಕೈ ಚಾಚುವುದಿಲ್ಲ.

ಫಿಲಿಪ್ಪೀನ್ಸಿನಲ್ಲಿ ಸೆಪ್ಟೆಂಬರ್ ಒಂದಕ್ಕೇ ಕ್ರಿಸ್ಮಸ್ ಹಾಡು ಹಚ್ಚುತ್ತಾರೆ. ಅವರ ಉತ್ಸಾಹ ಅವರಿಗೆ. ನಮ್ಮಲ್ಲಿ ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬದ, ಅಂದರೆ ತೆನೆ ಹಬ್ಬದ, ಹೊಸ ಅಕ್ಕಿ ಊಟ ಇದೆ. ಅದು ಮುಗಿಯದೆ ಕ್ರಿಸ್ಮಸ್ಸಿನ ಸುದ್ದಿ ಬೇಡ.

ಕೊನೆಗೆ, ಇಷ್ಟೆಲ್ಲ ಕೇಳಿಯೂ ಮರೆತು, ಡಿಸೆಂಬರ್ ಇಪ್ಪತ್ತಕ್ಕೆ ಎಚ್ಚರಾಗುವವರಿಗೆ ಎರಡು ಮಾತು. ಅವರೂ ನಮ್ಮವರೇ. ತಲಶ್ಶೇರಿಯ ಮಾಂಬಳ್ಳಿ ಬಾಪು ಅವರ ಕಥೆ ಕೇಳಿರಬಹುದು. 1883ರಲ್ಲಿ ಬ್ರೌನ್ ಎಂಬ ಬ್ರಿಟಿಷ್ ತೋಟಗಾರರು ಅವರ ಬಿಸ್ಕತ್ತಿನ ಅಂಗಡಿಗೆ ಒಂದು ಕೇಕ್ ತಂದು ತಿನ್ನಿಸಿ, ಇಂಥದೇ ಒಂದು ಮಾಡಿಕೊಡಿ ಎಂದರಂತೆ. ಬಾಪು ಅದುವರೆಗೆ ಕೇಕ್ ಮಾಡಿದವರಲ್ಲ. ವಿಲಾಯಿತಿ ಬ್ರಾಂದಿಯ ಬದಲು ಗೇರುಹಣ್ಣು, ಬಾಳೆಹಣ್ಣಿನಿಂದ ಊರಲ್ಲೇ ಇಳಿಸಿದ ಸರಕು ಹಾಕಿದರು. ಕ್ರಿಸ್ಮಸ್ಸಿಗೆ ಮೊದಲೇ ಕೇಕ್ ಒಪ್ಪಿಸಿದರು. ಕೇರಳದಲ್ಲಿ ಆ ಮನೆತನದ ಬೇಕರಿಗಳು ಈಗಲೂ ಇವೆ.

ನಿಮಗೆ ಐದು ದಿನವೇ ಉಳಿದಿದ್ದರೂ ಹೆದರಬೇಡಿ. ಹಣ್ಣನ್ನು ನೆನೆಸಲು ಹೋಗಬೇಡಿ, ಬೇಯಿಸಿ. ಹೆಚ್ಚಿದ ಹಣ್ಣು, ಬೆಣ್ಣೆ, ಬೆಲ್ಲ, ಎರಡು ಕಿತ್ತಳೆಯ ರಸ, ಚೂರು ಶುಂಠಿ ಪುಡಿ, ಚಕ್ಕೆ ಪುಡಿ. ಎಲ್ಲ ಒಂದೇ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಉರಿಯ ಮೇಲೆ ದ್ರಾಕ್ಷಿ ಅಲ್ಲೇ ಉಬ್ಬಿಕೊಳ್ಳುತ್ತದೆ. ಪೂರಾ ತಣ್ಣಗಾದ ಮೇಲೆ ಮೊಟ್ಟೆ, ಹಿಟ್ಟು, ಬೇಕಿಂಗ್ ಪೌಡರ್ ಸೇರಿಸಿ ಒಲೆಗಿಡಿ. ತಣ್ಣಗಾಗುವ ಮೊದಲು ಮೊಟ್ಟೆ ಹಾಕಿದರೆ ಆಮ್ಲೆಟ್ ಆಗುತ್ತದೆ, ಎಚ್ಚರ. ಕುಸ್ವಾರನ್ನು ಬೇಕರಿಯಿಂದ ತನ್ನಿ, ನಾಚಿಕೆ ಬೇಡ. ಆದರೆ ತಟ್ಟೆಯಲ್ಲಿ ಜೋಡಿಸುವ ಮೊದಲು ಬೇಕರಿಯ ಹೆಸರಿನ ಚೀಟಿ ತೆಗೆದುಹಾಕಿ.